ಮಹಡಿಯೂಟದ ಬಿಲ್ಲೆ

ಬಯಾನ್ ಲೆಪಾಸ್
ಜೂನ್ ೮, ೨೦೨೪

ಪ್ರೀತಿಯ ಸೀತಾಲಕ್ಷ್ಮಿ,

ಫೋನ್ ಎತ್ತುವುದಿಲ್ಲ ಎಂದು ನೀನು ಹಟ ಹಿಡಿದಿರುವುದರಿಂದ ಕಾಗದವನ್ನೇ ಬರೆಯುತ್ತಿದ್ದೇನೆ. ಓದದೆ ಹರಿದೀಯ, ಜೋಕೆ.

ನನ್ನ ಮಗಳು ಧೃತಿಯ ಮದುವೆಯ ಕರೆಯೋಲೆಯನ್ನು ನೀನು ಪುಚೊಂಗ್‌ನಿಂದ ಹಾಗೇ ವಾಪಸು ಕಳಿಸಿದೆ. ಜೊತೆಗೆ ನಿನ್ನಪ್ಪ ನಾಣಿ ಚಿಕ್ಕಪ್ಪನ ಬೀಗದ ಕೈ ಗೊಂಚಲಿನಲ್ಲಿದ್ದ, ನಮ್ಮ ಪೆನಾಂಗ್ ಹೋಟೆಲಿನ ಹಿತ್ತಾಳೆ ಊಟದ ಬಿಲ್ಲೆ. ಅಣ್ಣತಮ್ಮಂದಿರು ಒಟ್ಟಿಗಿದ್ದ ಕಾಲದ್ದು, ನೀವೇ ಇಟ್ಟುಕೊಳ್ಳಿ, ನಮ್ಮಪ್ಪನ ಹೆಸರು ಅಳಿಸಿದ ಮನೆಗೆ ನಾನು ಬರುವುದಿಲ್ಲ ಎಂದು ನೀನು ಬರೆದಿದ್ದೆ. ಓದಿ ಅತ್ತುಬಿಟ್ಟೆ ಕಣೇ.

ಹೆಸರು ಅಳಿಸಿದ್ದು ನಿಜ. ಹೋಟೆಲಿನಲ್ಲಿ ಇಲ್ಲಿನವರ ಪರೋಟ, ರೊಟ್ಟಿ ಚನಾಯ್ ಮಾಡೋಣ ಎಂದರು ನಾಣಿ ಚಿಕ್ಕಪ್ಪ, ಎಲೆಯೂಟ ಬಿಟ್ಟು ಬೇರೇನೂ ಬೇಡ ಎಂದರು ಅಪ್ಪ. ಅಷ್ಟಕ್ಕೇ ಮನೆ ಎರಡಾಯಿತು. ಬೋರ್ಡಿನಲ್ಲಿ ಅಪ್ಪನ ಹೆಸರು, ದೇವದಾಸ ಎಂಬುದೊಂದೇ ಉಳಿಯಿತು. ಆಗ ನೀನು ಅಂಬೆಗಾಲಿಡುತ್ತಿದ್ದೆ.

ಆದರೆ ಬಿಲ್ಲೆಯನ್ನು ತಿರುಗಿಸಿ ನೋಡಿದೆಯಾ? ಮುಂದೆ ಇಬ್ಬರ ಹೆಸರಿನ ಮೊದಲಕ್ಷರ ಇದೆ, ಸರಿ. ಹಿಂದೆ ಮೆಟ್ಟಿಲಿನ ಚಿತ್ರವಿದೆ. ಯಾವ ಭಾಷೆಯ ಗಿರಾಕಿಗೂ ತಿಳಿಯಲಿ ಎಂದು ಅಪ್ಪ ಅಕ್ಷರದ ಬದಲು ಚಿತ್ರ ಒತ್ತಿಸಿದ್ದರು. ಮೆಟ್ಟಿಲೆಂದರೆ ಮಹಡಿಯ ಊಟ. ಹಳೆಯ ಅಂಗಡಿ ತಗಡಿನ ಮಾಡಿನದು, ಅದಕ್ಕೆಲ್ಲಿಯ ಮಹಡಿ? ಮಹಡಿಯ ಅಂಗಡಿಗೆ ಹೋದದ್ದು ಎಪ್ಪತ್ತೊಂದರ ದೀಪಾವಳಿಗೆ, ಚಿಕ್ಕಪ್ಪ ಬೇರೆಯಾದ ಮರುವರ್ಷ. ಅಂದರೆ ಜಗಳವಾಡಿ ಹೋದ ತಮ್ಮನ ಹೆಸರನ್ನು ಅಪ್ಪ ಮತ್ತೆ ಹೊಸದಾಗಿ ಒತ್ತಿಸಿದ್ದಾರೆ.

ಅಮ್ಮನನ್ನು ಕೇಳಿದೆ. ಈಗೀಗ ಅವಳಿಗೆ ಬೆಳಗಿನ ತಿಂಡಿ ಮರೆತುಹೋಗುತ್ತದೆ, ಇದು ಮರೆತಿಲ್ಲ. ಅಪ್ಪ ಅವಳಿಗೆ ಅಂದಿದ್ದರಂತೆ: "ಬೋರ್ಡು ಬದ್ಲಾಯ್ಸಿದ್ದು ಸಿಟ್ಟಿಗೆ. ಬಿಲ್ಲೆ ದಿನಾ ಕೈಯಲ್ಲಿ ಹಿಡಿಯೋದು. ಅವನ ಹೆಸರಿಲ್ದೆ ಹೇಗೆ ಹಿಡೀಲಿ?"

ಅಪ್ಪ ಮೊಂಡು ಮನುಷ್ಯ, ಇದನ್ನು ತಮ್ಮನ ಮುಂದೆ ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ಚಿಕ್ಕಪ್ಪನೇನೂ ಕಡಿಮೆಯಿರಲಿಲ್ಲ ಬಿಡು, ನಿನ್ನ ಮೂಗಿನ ತುದಿಯ ಕೋಪ ಅವರದೇ. ಇಬ್ಬರೂ ಹೋದರು. ಉಳಿದವರು ನಾವಾದರೂ ಮಾತಾಡೋಣ.

ನಿನ್ನ ದಾರಿ ಕಾಯುವ ಅಕ್ಕ,
ವಾಸಂತಿ

ಮರೆತಿದ್ದೆ: ಗಲ್ಲಾದಲ್ಲಿ ದುಡ್ಡು ಕೊಟ್ಟು ಬಿಲ್ಲೆ ಪಡೆದು, ಎಲೆಗೆ ಅನ್ನ ಬಿದ್ದ ಕೂಡಲೇ ಅದನ್ನು ಬಡಿಸುವವರಿಗೆ ಒಪ್ಪಿಸಬೇಕು, ಅದು ನಮ್ಮ ಹೋಟೆಲಿನ ಪದ್ಧತಿ. ಮಹಡಿಯ ಬಿಲ್ಲೆ ಚಿಕ್ಕಪ್ಪನ ಬಳಿ ಇತ್ತೆಂದರೆ, ಬೇರೆಯಾದ ಮೇಲೂ ಅವರು ಬಂದಿದ್ದರು. ಗಲ್ಲಾದಲ್ಲಿ ಅಪ್ಪ ಬೇರೆ ಯಾರನ್ನೂ ಕೂರಿಸುತ್ತಿರಲಿಲ್ಲ, ಹಾಗಾಗಿ ಕೊಟ್ಟದ್ದು ಅಪ್ಪನ ಕೈಯೇ. ಇಬ್ಬರೂ ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಬಿಲ್ಲೆ ಉಳಿದಿದೆ ಎಂದರೆ ಚಿಕ್ಕಪ್ಪ ಉಣ್ಣದೆ ಹೊರಟುಹೋಗಿದ್ದಾರೆ. ಆ ಊಟ ಇನ್ನೂ ಬಾಕಿ ಇದೆ ಸೀತಾ. ಬಿಲ್ಲೆಯನ್ನು ಇದರೊಳಗೇ ಇಟ್ಟಿದ್ದೇನೆ. ಮದುವೆಯ ದಿನ ತಂದು ನನ್ನ ಕೈಗೆ ಕೊಡು, ನಾನೇ ಬಡಿಸುತ್ತೇನೆ.