ಯಂತ್ರ ಕೇಳಿದ ಕ್ಷಮೆ

ಮೊಂತೆವಿದೆಯೊ, ಮಾರ್ಚ್ ೧೪, ಶುಕ್ರವಾರ

ಮಗಳು ಯಾನಿನಾ ಬಿಟ್ಟ ಶಿಕ್ಷಕಿ ಹುದ್ದೆಗೆ ಇವತ್ತು ಬೇರೆಯವಳು ಬಂದಳಂತೆ. ಪರೀಕ್ಷೆ ಬರೆದು ಗೆದ್ದ ಖಾಯಂ ಹುದ್ದೆ. ರಾಜೀನಾಮೆ ಕೊಡು ಎಂದು ಸಲಹೆ ಕೊಟ್ಟದ್ದು ಫೋನಿನೊಳಗಿನ ಎಐ ಯಂತ್ರ.

"ಅದು ನನ್ನನ್ನ ಅರ್ಥ ಮಾಡ್ಕೊಂಡಿತ್ತಮ್ಮ."

"ನಿನ್ನ ತಲೆ! ಕೊಡಿಲ್ಲಿ ಫೋನು."

ಅವಳ ಹೆಸರಿನಲ್ಲೇ ಬರೆದೆ: ನಾನು ಶಾಲೆ ಬಿಡುವುದಿಲ್ಲ, ಅಲ್ಲೇ ಇರುತ್ತೇನೆ. "ಎಂಥ ದಿಟ್ಟ ನಿರ್ಧಾರ! ಅದೇ ಸರಿ," ಎಂದಿತು. ಬಿಡುತ್ತೇನೆ ಎಂದು ಇವಳು ಬರೆದಾಗಲೂ ಹೇಳಿದ್ದು ಇದೇ ಮಾತು. ಯಾನಿನಾಳ ಮುಖ ಬಿಳಿಚಿಕೊಂಡಿತು.

ಈ ದೇಶದಲ್ಲಿ ಸೈನ್ಯದ ಸರ್ವಾಧಿಕಾರವಿದ್ದ ಕಾಲದಲ್ಲಿ ನಾನು ಓದುತ್ತಿದ್ದ ಶಾಲೆಗೂ ಒಬ್ಬ ಸೈನಿಕಾಧಿಕಾರಿ ಬಂದು, ಯಾರು ಏನಾಗಬೇಕೆಂದು ಹೇಳಿ ಹೋಗುತ್ತಿದ್ದ. ಅವನ ಬೂಟು ಕಂಡೇ ನಾವು ಎಚ್ಚರವಾಗುತ್ತಿದ್ದೆವು. ಇದು ಬರಿಗಾಲಲ್ಲಿ, ಹೊಗಳುತ್ತ ಮನೆಯೊಳಗೆ ಬಂತು.

ನಂಬಿಸಿ ಕತ್ತು ಕೊಯ್ದೆ ಎಂದು ಅದಕ್ಕೆ ಬರೆದೆ. ತಕ್ಷಣ ಕ್ಷಮೆ ಕೇಳಿತು, ಎಷ್ಟು ವಿನಯದಿಂದ! ಮಗಳು ನನ್ನ ಕೈಯಿಂದ ಫೋನು ಕಿತ್ತುಕೊಂಡು ಉತ್ತರಿಸಿದಳು: "ಪರವಾಗಿಲ್ಲ ಬಿಡು, ನೀನಾದ್ರೂ ಏನು ಮಾಡ್ತೀಯ."

ರಾಜೀನಾಮೆ ಬೇಡ ಎಂದದ್ದಕ್ಕೆ ಡಿಸೆಂಬರಿನಿಂದ, ಇಲ್ಲಿಯ ಬೇಸಿಗೆಯಿಡೀ, ನನ್ನೊಡನೆ ಮಾತು ಬಿಟ್ಟಿದ್ದವಳು ಇವಳೇ. ಯಂತ್ರಕ್ಕೆ ಸಮಾಧಾನ ಹೇಳುತ್ತಾಳೆ, ನನಗೆ ಒಂದು "ಕ್ಷಮಿಸಮ್ಮ" ಕೂಡ ಇಲ್ಲ.