ಪಂಪಿನ ಮೇಲಿನ ಒದ್ದೆ ಬಟ್ಟೆ

ರೀ,

ನೀವು ಹೋದಮೇಲೆ ಮೊದಲ ಸಲ ನಿಮ್ಮ ಕಾರು ನಿಂತುಹೋಯಿತು. ಫ್ಯೂಯಲ್ ಪಂಪು ಕೆಟ್ಟಿದೆಯಂತೆ. ಕಾರ್ಬ್ಯುರೇಟರ್ ಕಾಲದ ಗಾಡಿಗೆ ಈಗ ಪಂಪು ಎಲ್ಲಿ ಸಿಗುತ್ತದೆ? ಅಂಗಡಿ ಅಂಗಡಿ ಅಲೆದು ಕೊನೆಗೆ ಗುಜರಿಯಲ್ಲಿ ಒಂದು ಹಿಡಿದು ತಂದೆ.

ಅದನ್ನು ಕೂರಿಸುತ್ತಾ ನಿಮ್ಮ ಮೆಕ್ಯಾನಿಕ್ ಅಂದ: "ಹಳೇ ಪಂಪು ಗಟ್ಟಿ ಇತ್ತು ನೋಡಮ್ಮ, ನಿಮ್ಮ ಮದುವೆಗೂ ಮುಂಚೆ ನಾನೇ ಹಾಕಿದ್ದು. ಆಮೇಲೆ ಗಾಡಿ ದಾರೀಲಿ ಒಂದ್ಸಲಾನೂ ನಿಂತಿಲ್ಲ ಅಂತ ಸಾರ್ ಹೊಗಳ್ತಾನೇ ಇದ್ರು."

ನನಗೆ ತಲೆಬುಡ ತಿಳಿಯಲಿಲ್ಲ. ಅಮ್ಮನ ಮನೆಯಿಂದ ಬರುವಾಗಲೆಲ್ಲ ಸೇತುವೆಯ ಹತ್ತಿರ ನಿಲ್ಲುತ್ತಿತ್ತಲ್ಲ? "ಪಂಪು ಕಾದಿದೆ, ಆರಲಿ" ಎಂದು ಒದ್ದೆ ಬಟ್ಟೆ ಹೊದಿಸಿ, ನೀವು ಸೇತುವೆ ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕೂರುತ್ತಿದ್ದಿರಲ್ಲ? ನಾನೋ, ಮನೆಕೆಲಸ ನೆನೆದು ಕಾರಿಗೆ ಶಾಪ ಹಾಕುತ್ತಿದ್ದೆ.

ಇವತ್ತು ನಾನೇ ಅಲ್ಲಿ ನಿಲ್ಲಿಸಿದೆ. ಪಂಪು ಕಾದಿರಲಿಲ್ಲ. ಆದರೂ ಬಟ್ಟೆ ನೆನೆಸಿ ಹೊದಿಸಿ ಕೂತೆ. ಯಾವಾಗ ಏಳಬೇಕೋ ಗೊತ್ತಾಗಲಿಲ್ಲ. "ಆರಿತು, ಗಾಡಿ ಹತ್ತು" ಎನ್ನುತ್ತಿದ್ದವರು ನೀವೇ ಅಲ್ಲವೇ?