ಗಾಜಿನ ಪೆಟ್ಟಿಗೆಗೆ ಹೊಂದುವ ಮೀನು

ಸಿರುಗುಪ್ಪ
೧೬-೨-೧೯೫೦

ತಂಗಿ ಗಂಗಕ್ಕನಿಗೆ ಅಕ್ಕ ಹಂಪಮ್ಮನ ಪ್ರೀತಿಯ ಆಶೀರ್ವಾದ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕುರುಗೋಡಿನಲ್ಲಿ ನೀನೂ ಮಕ್ಕಳೂ ಆರೋಗ್ಯದಿಂದಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಸಿಟ್ಟಾಗಬೇಡ. ಬಳ್ಳಾರಿಯಿಂದ ಬಂದ ಮೇಲೆ ಬರೆಯಲು ಕೂತಾಗಲೆಲ್ಲ ಬರೀ ಬೈಗುಳವೇ ಬರುತ್ತಿತ್ತು. ಈಗಲೂ ಅದೇ ಬರುತ್ತದೆ, ಓದಿಕೋ.

ನಮ್ಮ ತಮ್ಮ ಚಿದಾನಂದಪ್ಪನಿಗೂ ನನ್ನ ಮಗಳು ಪಾರಮ್ಮನಿಗೂ ಲಗ್ನದ ದಿನ ಗೊತ್ತುಮಾಡಲು ಬಳ್ಳಾರಿಯ ಅವನ ಮನೆಗೆ ಹೋಗಿದ್ದೆನಲ್ಲ. ಸೋದರಮಾವನ ಮನೆ ತಾನೇ ಎಂದು ಅವಳನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಹುಟ್ಟಿದಾಗ ಅವ್ವ ಕೂಸನ್ನು ಅವನ ತೊಡೆಯ ಮೇಲಿಟ್ಟು "ಇಕಿ ನಿನ್ನಾಕಿ" ಅಂದದ್ದು ನೀನೂ ಕೇಳಿದ್ದೀಯ. ಆದರೆ ಸಾಹೇಬರಿಗೆ ಲಗ್ನದ ಮಾತಿಗೆ ಪುರುಸೊತ್ತಿಲ್ಲ. ಕಂಟೋನ್ಮೆಂಟಿನ ಯಾವನೋ ದೊರೆ ದೇಶ ಬಿಡುವಾಗ ಮಾರಿದ ಗಾಜಿನ ಪೆಟ್ಟಿಗೆಯನ್ನು ತಂದು ಪಡಸಾಲೆಯಲ್ಲಿಟ್ಟಿದ್ದಾನೆ. ಅದರಲ್ಲಿ ಮೀನು ಸಾಕುತ್ತಾನಂತೆ! ಊಟದ ಹೊತ್ತಿಗೆ ಮೀನಿನ ಹೆಸರೆತ್ತಿದರೆ ಅವ್ವ ತಟ್ಟೆ ಬಿಟ್ಟು ಏಳುತ್ತಿದ್ದ ಮನೆ ನಮ್ಮದು.

ನಮ್ಮೂರ ಹೊಳೆಯ ಸಣ್ಣ ಮೀನು ಕಳಿಸಲೇ ಎಂದರೆ ಮೂಗು ಮುರಿದ. "ಅಕ್ಕ, ಮೀನು ಆರಿಸಾಕ ತಿಳುವಳಿಕಿ ಬೇಕು. ಹೊಳಿ ಮೀನು ಚಲೋನ ಇರ್ತಾವ, ಆದ್ರ ಈ ಪೆಟಗಿಗೆ ಹೊಂದಂಗಿಲ್ಲ. ನೋಡಾಕ ಬಂದವರು ಏನಂದಾರು?"

ಇವನ ತಿಳುವಳಿಕೆ ಕೇಳು. ಮದರಾಸಿನಿಂದ ದೊಡ್ಡ ಬಾಲದ ಕೆಂಪು ಮೀನು, ಇನ್ನೆಲ್ಲಿಂದಲೋ ಪಟ್ಟೆಯ ಮೀನು. ಸೀರೆ ಅಂಗಡಿಯಲ್ಲಿ ಕೂತವರ ಹಾಗೆ ಬಣ್ಣ ನೋಡಿ ಆರಿಸಿದ್ದಾನೆ. ಯಾವುದು ಏನು ತಿನ್ನುತ್ತದೆ, ಯಾವುದರ ಜೊತೆ ಬಾಳುತ್ತದೆ ಎಂಬ ಗೊಡವೆಯೇ ಇಲ್ಲ. ಮೀನು ಮಾರುವ ಪಾಲಯ್ಯ ಅವಕ್ಕೆ ಹುಳ ತಂದರೆ ಹೊಸ್ತಿಲಲ್ಲೇ ತಡೆದು, "ನಮ್ಮ ಮನ್ಯಾಗ ಇರೋವು ನಾವು ತಿಂದದ್ದನ್ನ ತಿನ್ನಬೇಕು" ಎಂದು ಗದರಿ ಕಳಿಸಿದ. ದಿನಾ ಮೊಸರನ್ನ, ಮಂಡಕ್ಕಿ. ಮೀನಿಗೆ ವಿಭೂತಿ ಹಚ್ಚುವುದೊಂದು ಬಾಕಿ! ನೀರು ಹುಳಿತು ನಾರುತ್ತಿತ್ತು. ಹಸಿವು ತಾಳದೆ ಪಟ್ಟೆಯ ಮೀನು ಕೆಂಪು ಮೀನಿನ ಬಾಲಕ್ಕೆ ಬಾಯಿ ಹಾಕಿತು. ನಮ್ಮ ಜಾಣ ಕಡ್ಡಿ ಹಿಡಿದು, "ಲೇ, ಬಿಡಲೇ ಅದನ್ನ! ಇದು ಶರಣರ ಮನಿ!" ಎಂದು ಮೀನಿಗೆ ಬುದ್ಧಿ ಹೇಳುತ್ತ ನಿಂತಿದ್ದ. ಇವನು ಬಿ.ಎ. ಓದಿದವನು. ತೂ!

ಪಾರಮ್ಮ ಮಾತ್ರ ಬಾವಿಯಿಂದ ಕೊಡಗಟ್ಟಲೆ ನೀರು ಹೊತ್ತಳು. ಬೂದಿ ಹಾಕಿ ಗಾಜು ಉಜ್ಜಿದಳು. "ಮಾವ, ಈಗ ನೋಡ್ರಿ, ಮೀನಿನ ಕಣ್ಣು ಸೈತ ಕಾಣ್ತಾವ" ಎಂದಳು ಹಿಗ್ಗಿನಿಂದ. ಅವನು ತಲೆ ಕೂಡ ಎತ್ತಲಿಲ್ಲ. "ನಾಳೆ ದೊಡ್ಡವರು ಬರ್ತಾರ, ಇನ್ನೊಮ್ಮಿ ಒರಸು" ಎಂದ. ನನ್ನ ಮೈ ಉರಿದುಹೋಯಿತು.

ನಮ್ಮ ಮನೆಯವರು ಈ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನೂ ನಗು. ಮಕ್ಕಳಿಗೆ ನನ್ನ ಮುತ್ತು, ನಿನ್ನ ಯಜಮಾನರಿಗೆ ನಮಸ್ಕಾರ. ನಿನ್ನ ಮನೆ ತುಂಬಿರಲಿ, ತಾಯಿ.

ನಿನ್ನ ಅಕ್ಕ,
ಹಂಪಮ್ಮ

ತಾ.ಕ.: ಲಗ್ನ ಯಾವಾಗ ಎಂದು ಕೇಳುತ್ತೀಯ. ಮರುದಿನ ಬಂದವರು ಹೊಸಪೇಟೆಯ ವಕೀಲರು, ತಮ್ಮ ಮಗಳನ್ನು ಕೊಡುವ ಮನೆ ನೋಡಲು ಬಂದಿದ್ದರು. ಮಾವನ ಕಚೇರಿಯವರೆಂದುಕೊಂಡು ಪಾರಮ್ಮನೇ ಅವರಿಗೆ ನೀರು ಕೊಟ್ಟಳು. ಅವರು ಹೋದ ಮೇಲೆ ಚಿದಾನಂದಪ್ಪ ನನ್ನನ್ನು ಹಿತ್ತಲಿಗೆ ಕರೆದು, "ಪಾರಿ ಚಲೋ ಹುಡುಗೀನ ಅಕ್ಕ, ಆದ್ರ ಈ ಮನಿಗೆ ಹೊಂದಂಗಿಲ್ಲ" ಎಂದ. ಅವಳಿಗೆ ಇನ್ನೂ ಹೇಳಿಲ್ಲ. ನನಗೆ ಬಾಯಿ ಬರುತ್ತಿಲ್ಲ ಗಂಗಿ, ನೀನೇ ಬಂದು ಹೇಳು. ಈಗವಳು ಹೊಳೆಯ ನಾಲ್ಕು ಮೀನು ತರಿಸಿ ಮಡಕೆಯಲ್ಲಿ ಬಿಟ್ಟುಕೊಂಡಿದ್ದಾಳೆ. ದಿನಾ ಅನ್ನದ ಅಗುಳು ಹಾಕುತ್ತಾಳೆ. ಯಾಕೆ ಎಂದರೆ, "ಅನ್ನ ತಿನ್ನಾಕ ರೂಢಿ ಆಗ್ಲಿ ಬೇ. ಲಗ್ನ ಆದಮ್ಯಾಲೆ ಮಾವನ ಮನಿಗೆ ಒಯ್ಯಬೇಕಲ್ಲ" ಅನ್ನುತ್ತಾಳೆ.